ನಡುಹೊಳೆಯಲ್ಲಿ ನಿಂತ ಜೀಪು

ಅಮ್ಮ ಮಾರಲು ಹೊರಟಿದ್ದ ಹಳೆಯ ರಷ್ಯನ್ ಜೀಪನ್ನು ನೋಡಲು ಬರುವವನು ಎರ್ಮೆಕ್ ಎಂದು ಮೊದಲೇ ಗೊತ್ತಿದ್ದರೆ ಬೆಗಿಮಾಯ್ ಗೇಟು ತೆಗೆಯುತ್ತಲೇ ಇರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂದಾಗ ಈ ಜೀಪಿನ ಎಂಜಿನ್ ಬಿಚ್ಚಿಟ್ಟಿತ್ತು. "ನನ್ನ ಗಾಡಿ ತರ್ತೀನಿ, ಆಸ್ಪತ್ರೆಗೆ ಕರ್ಕೊಂಡು ಹೋಗೋಣ" ಎಂದು ಫೋನಿನಲ್ಲಿ ಹೇಳಿದ್ದ ಅವಳ ಗೆಳೆಯ ಎರ್ಮೆಕ್ ಬರಲೇ ಇಲ್ಲ. ಅಪ್ಪ ತೀರಿಕೊಂಡ. ಎರ್ಮೆಕ್ ರಷ್ಯಕ್ಕೆ ಕೆಲಸಕ್ಕೆ ಹೋದನೆಂದು ಊರವರ ಬಾಯಿಂದ ತಿಳಿಯಿತು. ಆಮೇಲೆ ಜೀಪನ್ನು ಅವಳೊಬ್ಬಳೇ ಜೋಡಿಸಿ ಓಡಿಸಿದ್ದಳು.

"ಓಡಿಸಿ ತೋರಿಸ್ತೀಯಾ?" ಎಂದ, ಈಗ ಗೇಟಿನೊಳಗೆ ಬಂದು ನಿಂತಿದ್ದ ಎರ್ಮೆಕ್. ನೋಟ ಅವಳ ಗ್ರೀಸು ಮೆತ್ತಿದ ಬೆರಳುಗಳ ಮೇಲೇ ಇತ್ತು.

"ಗಿರಾಕಿ ಕೇಳಿದ್ಮೇಲೆ ಆಗಲ್ಲ ಅನ್ನೋಕಾಗುತ್ತಾ? ಹತ್ತಿ ನೀವು."

"ನೀವು ಅಂತೆ!"

ಅವಳು ನೇರ ಹೊಳೆಗೇ ಹೊರಟಳು. ನೀರಿಗಿಳಿಯುವ ಮುಂಚೆ ಫ್ಯಾನ್ ಬೆಲ್ಟ್ ಬಿಚ್ಚಬೇಕು. ಇಲ್ಲದಿದ್ದರೆ ಫ್ಯಾನು ನೀರನ್ನೆಲ್ಲ ಎಂಜಿನ್ ಮೇಲೆ ಎರಚುತ್ತದೆ. ಐದು ನಿಮಿಷದ ಕೆಲಸ.

"ಬೆಲ್ಟ್ ತೆಗೀಬೇಕಲ್ವಾ, ಮೇಸ್ತ್ರಿ?"

"ನಂಗೆ ಹೇಳ್ಕೊಡೋಕೆ ಬರಬೇಡಿ," ಎಂದವಳೇ ಸಿಟ್ಟಿನಿಂದ ಗೇರ್ ಹಾಕಿದಳು.

ನಡುಹೊಳೆಯಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಕೀಲಿ ತಿರುಗಿಸಿದರೆ ಬ್ಯಾಟರಿ ನರಳಿ ಸುಮ್ಮನಾಯಿತು. ಮಧ್ಯಾಹ್ನ ಮೂರು ಗಂಟೆ; ಮೇಲೆ ಬೆಟ್ಟದಲ್ಲಿ ಹಿಮ ಕರಗಿ ಹೊಳೆ ಏರುವ ಹೊತ್ತು. ಈಗಷ್ಟೇ ಕಾಣುತ್ತಿದ್ದ ಕಪ್ಪು ಬಂಡೆ ನೀರಲ್ಲಿ ಮುಳುಗಿದ್ದನ್ನು ಇಬ್ಬರೂ ನೋಡಿದರು. ಕುದುರೆಯನ್ನೇ ಉರುಳಿಸುವ ಸೆಳೆತವದು.

ಬೆಗಿಮಾಯ್ ಮಡ್‌ಗಾರ್ಡ್ ಮೇಲೆ ಬೋರಲು ಮಲಗಿ ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಿ, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಳು. ಒಳಗೆಲ್ಲ ನೀರಹನಿ. ಒರೆಸಲು ಒಣಬಟ್ಟೆಯೇ ಇಲ್ಲ; ಅವಳ ಸ್ಕಾರ್ಫು, ತೋಳು ಎಲ್ಲ ತೊಯ್ದಿತ್ತು.

ಎರ್ಮೆಕ್ ತಲೆಯ ಬಿಳಿ ಕಲ್ಪಕ್ ಟೋಪಿ ತೆಗೆದು ಚಾಚಿದ.

"ಟೋಪೀಲಾ? ಅದನ್ನ ನೆಲದ ಮೇಲೂ ಇಡಲ್ಲ ಗಂಡಸ್ರು!"

"ಒಳಗಡೆ ಒಣಗಿದೆ. ಒರೆಸು."

ಅವಳು ಒರೆಸತೊಡಗಿದಳು. ತಲೆಯೆತ್ತದೆ ಕೇಳಿದಳು: "ಅವತ್ತು ಯಾಕೆ ಬರ್ಲಿಲ್ಲ?"

"ಬಂದೆ. ಘಾಟಿಯಲ್ಲಿ ಬೇರಿಂಗ್ ಒಣಗಿ ಚಕ್ರ ಹಿಡ್ಕೊಂಡ್ಬಿಡ್ತು. ಅಲ್ಲಿ ಸಿಗ್ನಲ್ಲೂ ಇಲ್ಲ. ಹನ್ನೊಂದು ಕಿಲೋಮೀಟರ್ ಓಡಿದೆ. ನಿಮ್ಮನೆ ಹತ್ರ ಬರೋಷ್ಟ್ರಲ್ಲಿ ಹೆಂಗಸ್ರು ಅಳೋದು ಕೇಳಿಸ್ತು. ಹಾಗೇ ವಾಪಸ್ ಹೋದೆ."

"ಗಾಡಿ ಕೆಟ್ರೆ ನಿಮ್ ತಪ್ಪೇನು?"

"ಬೆಳಿಗ್ಗೇನೇ ಎಣ್ಣೆ ಸೋರೋದು ನೋಡಿದ್ದೆ, ಬೆಗಿಮಾಯ್. ಇನ್ನೊಂದು ಟ್ರಿಪ್ ನಡೆಯುತ್ತೆ ಬಿಡು ಅಂದ್ಕೊಂಡೆ."

ಅವಳ ಕೈ ನಿಂತಿತು. ತಾನೂ ಬೆಲ್ಟ್ ಬಿಚ್ಚಬೇಕೆಂದು ಗೊತ್ತಿದ್ದೇ ಜೀಪನ್ನು ನೀರಿಗಿಳಿಸಿದ್ದಳು. ಎರಡು ವರ್ಷ ಜೋಪಾನ ಮಾಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತೋಚದೆ ಮುಚ್ಚಳವನ್ನು ಬಿಗಿದು, ಬಾನೆಟ್ ಇಳಿಸಿ, ಸ್ಟಿಯರಿಂಗ್ ಮುಂದೆ ಕೂತಳು.

"ಹ್ಯಾಂಡಲ್ ಹೊಡಿ. ಸೊಂಟಕ್ಕೆ ಹಗ್ಗ ಕಟ್ಕೊ. ಕೇಳಿಸ್ತಾ ನಿಂಗೆ?"

'ನೀವು' ಕೊಚ್ಚಿಹೋಗಿದ್ದನ್ನು ಅವಳು ಗಮನಿಸಲಿಲ್ಲ. ಅವನು ಗಮನಿಸಿದ.

ಹಗ್ಗದ ಇನ್ನೊಂದು ತುದಿಯನ್ನು ಬಂಪರಿಗೆ ಬಿಗಿದು, ಸೊಂಟದವರೆಗಿನ ನೀರಲ್ಲಿ ನಿಂತು, ಎಂಜಿನ್ನನ್ನು ಕೈಯಿಂದ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಿದ. ಇಲ್ಲ. ಮತ್ತೆ ತಿರುಗಿಸಿದ. ಇಲ್ಲ. ಮೂರನೆಯ ಸಲ ಕಾಲಡಿಯ ಕಲ್ಲು ಜಾರಿತು, ಅವನು ಕಾಣದಾದ.

"ಎರ್ಮೆಕ್!"

ಹಗ್ಗ ಬಿಗಿಯಿತು. ಬಂಪರ್ ಹಿಡಿದ ಒಂದು ಕೈ, ಆಮೇಲೆ ತಲೆ. ಉಸಿರಾಡಲೂ ಬಿಡುವು ತೆಗೆದುಕೊಳ್ಳದೆ ಅವನು ಹ್ಯಾಂಡಲ್ಲಿಗೆ ಮೈಭಾರ ಹಾಕಿದ. ಎಂಜಿನ್ ಗುಡುಗಿತು.

"ಮೇಲೆ ಹತ್ತು!"

ಬಾನೆಟ್ಟಿನ ಮೇಲೆ ಅಂಗಾತ ಬಿದ್ದವನು ಹೊರಳಿ, ಗಾಜಿಗೆ ಮೂಗು ಒತ್ತಿ ಅವಳನ್ನೇ ನೋಡಿದ. ತುಟಿ ನೀಲಿ, ಕಣ್ಣಲ್ಲಿ ಮಾತ್ರ ತುಂಟತನ. "ದಾರಿ ಕಾಣ್ತಿಲ್ಲ, ತಲೆ ತಗ್ಗಿಸೋ!" ಎಂದು ಅಳುತ್ತ ಬೈಯುತ್ತ ಅವಳು ಆಚೆ ದಡ ಹತ್ತಿಸಿದಳು.

ತೋಳು ತೊಯ್ದಿದ್ದ ತನ್ನ ಕೋಟನ್ನೇ ಅವನಿಗೆ ಸುತ್ತಿದಳು. ಬೆಲ್ಟನ್ನು ಮತ್ತೆ ಹಾಕುತ್ತ, "ಜೀಪು ಕೊಳ್ತೀಯಾ?" ಎಂದಳು.

"ಜೀಪು ಯಾರಿಗೆ ಬೇಕು? ನಿನ್ನ ನೋಡೋಕೆ ಬೇರೆ ನೆವ ಸಿಗ್ಲಿಲ್ಲ."

"ಇದನ್ನ ಅಮ್ಮನ ಮುಂದೆ ಹೇಳು. ಎಣ್ಣೆ ಸೋರಿದ್ದನ್ನೂ ಹೇಳು. ಇವತ್ತೇ."

"ಹೊರಗೆ ಹಾಕಿದ್ರೆ?"

"ನಾನೂ ನಿನ್ ಪಕ್ಕ ನಿಂತಿರ್ತೀನಿ."

ಅವನು ತಣ್ಣಗಿನ ಕೈ ಚಾಚಿದ. ಗ್ರೀಸಿನ ಕೈಯಲ್ಲೇ ಅವಳು ಹಿಡಿದುಕೊಂಡಳು.

ಹೊಳೆ ತುಂಬಿತ್ತು, ಸೇತುವೆ ಸುತ್ತಿಕೊಂಡು ಮನೆಗೆ ನಲವತ್ತು ಕಿಲೋಮೀಟರ್. ರಸ್ತೆ ಖಾಲಿಯಿದ್ದರೂ ದಾರಿಯುದ್ದಕ್ಕೂ ಬೆಗಿಮಾಯ್ ಎರಡನೇ ಗೇರು ದಾಟಲೇ ಇಲ್ಲ.