ಪೂರ್ತಿ ಸುತ್ತುವ ಯಂತ್ರ

“ರಬ್ಬರ್ ಗಾಲಿಯದನ್ನೇ ತರಿಸು, ದೊಂಗ್. ಪೂರ್ತಿ ಸುತ್ತೋ ಯಂತ್ರ ಈ ನೆಲಕ್ಕೆ ಬೇಡ. ನಿನ್ನ ಕಾಲು ಹಿಡ್ಕೊಂಡು ಹೇಳ್ತೀನಿ.”

“ಯಂತ್ರದ ಬಾಡಿಗೆಗೂ ನಿಮ್ಮೂರ ದೆವ್ವದ ಅಪ್ಪಣೆ ಬೇಕಾ, ಲೋಲಾ? ಹಾಗಿದ್ರೆ ಡೀಸೆಲ್ ಯಾವ ಬಂಕಲ್ಲಿ ಹಾಕಿಸ್ಲಿ ಅಂತಾನೂ ಕೇಳಿಬಿಡಿ.”

ಬೇಲಿಯಾಚೆ ನಿಂತಿದ್ದ, ಊರಿಗೆಲ್ಲ ಲೋಲಾ ಅಂದರೆ ಅಜ್ಜಿಯಾದ ಮುದುಕಿ ಉರ್ಸಿಂಗ್ ನಗಲಿಲ್ಲ. ಈಚೆ ನಿಂತಿದ್ದ, ಅವಳ ಬಾಯಲ್ಲಿ ದೊಂಗ್ ಅಂದರೆ ಮಗಾ ಎನಿಸಿಕೊಂಡ ಸೆವೆರೊ ಕಬಾಹುಗ್ ಮಾತ್ರ ನಕ್ಕ. ತಿಳಿಯದೆ ನಗುವುದು ಬೇರೆ, ತಿಳಿಯಲು ಒಪ್ಪದೆ ನಗುವುದು ಬೇರೆ. ಅವನದು ಎರಡನೆಯ ಬಗೆಯ ನಗು. ಅದಕ್ಕೆ ಕ್ಷಮೆಯಿಲ್ಲ.

ಅವನು ಈ ಕಾಂತಬೋಗ್ ಊರಿನವನಲ್ಲ. ಮೂವತ್ತೊಂದು ವರ್ಷ ಸರಕು ಹಡಗುಗಳ ಕ್ರೇನಿನ ಮೇಲೆ ಕುಳಿತು, ದಡಗಳನ್ನು ದೂರದಿಂದಲೇ ನೋಡುತ್ತ ಐವತ್ತೆಂಟು ಮುಟ್ಟಿದವನು. ಹೆಂಡತಿ ತೀರಿಕೊಂಡಾಗ ಅವನು ಯಾವುದೋ ಸಮುದ್ರದ ನಡುವೆ ಇದ್ದ. ಮಗಳು ಅನಲಿನ್ ಸೆಬು ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದಳು. ಅವನು ರಜೆ ಮುಗಿಸಿ ಹಡಗು ಹತ್ತುವಾಗಲೆಲ್ಲ ಆ ಮಗು ಬಂದರು ಕಟ್ಟೆಯ ಮೇಲೆ ನಿಂತು “ಪಾಪಾ, ತಿರುಗಿ ನೋಡಿ” ಎಂದು ಕೂಗುತ್ತಿತ್ತು. ತಿರುಗಿದರೆ ಕಾಲು ಕೀಳಲಾಗದೆಂದು ಅವನು ಒಮ್ಮೆಯೂ ತಿರುಗಲಿಲ್ಲ. ದೊಡ್ಡವಳಾದ ಮೇಲೆ ಅವಳು ಕಟ್ಟೆಗೆ ಬರುವುದನ್ನೇ ಬಿಟ್ಟಳು. ಮಗಳ ಮುಖ ನೋಡಿ ಈಗ ಹನ್ನೊಂದು ವರ್ಷ.

ಸಮುದ್ರ ಕಾಣುವ ಈ ಇಳಿಜಾರನ್ನು ಕೊಂಡು ಅವನು ಮನೆ ಕಟ್ಟಿಸಿದ್ದು ಅವಳಿಗಾಗಿ. ಕಳೆದ ತಿಂಗಳು ಫೋನಿನಲ್ಲಿ ಅವಳು ಒಂದೇ ಮಾತು ಹೇಳಿದ್ದಳು: “ಸತ್ತವರ ಹಬ್ಬದ ರಜೆಗೆ ಬರ್ತೀನಿ, ಪಾಪಾ. ಒಂದು ಸಲ ಎದುರುಬದುರು ಕೂತು ಮಾತಾಡೋಣ. ಸರಿ ಹೋಗ್ಲಿಲ್ಲ ಅಂದ್ರೆ ಮತ್ತೆ ಕರೀಬೇಡಿ.” ಹಬ್ಬಕ್ಕೆ ಹನ್ನೆರಡು ದಿನ ಉಳಿದಿತ್ತು. ಮನೆ ಎದ್ದು ನಿಂತಿತ್ತು. ಶೌಚದ ಗುಂಡಿ, ಕೊಳವೆಯ ಕಾಲುವೆ, ಅಂಗಳದ ಮಟ್ಟ, ದಾರಿಗೆ ಜಲ್ಲಿ ಇಷ್ಟು ಬಾಕಿ.

ಇಷ್ಟು ಕೆಲಸಕ್ಕೆ ರಬ್ಬರ್ ಗಾಲಿಯ ಬ್ಯಾಕ್‌ಹೋ ಸಾಕೆಂದು ಪಟ್ಟಣದ ಯಂತ್ರದಂಗಡಿಯವನು ಪ್ರಾಮಾಣಿಕವಾಗಿಯೇ ಹೇಳಿದ್ದ. ಅದು ತನ್ನ ಗಾಲಿಯ ಮೇಲೆ ತಾನೇ ಬೆಟ್ಟ ಹತ್ತಿ ಬರುತ್ತದೆ. ಮುಂದಿನ ಬಕೆಟ್ಟಿನಿಂದ ಜಲ್ಲಿ ಹೊರುತ್ತದೆ, ಅಂಗಳ ತಟ್ಟುತ್ತದೆ. ಹಿಂದಿನ ತೋಳಿನಿಂದ ಗುಂಡಿ ತೋಡುತ್ತದೆ. ಪೂರ್ತಿ ಸುತ್ತುವ ಎಕ್ಸ್‌ಕವೇಟರ್ ಆದರೋ ಬಲ ಹೆಚ್ಚು, ಆಳ ಹೆಚ್ಚು, ಇಳಿಜಾರಿನಲ್ಲಿ ಚೈನಿನ ಹಿಡಿತ ಹೆಚ್ಚು. ಆದರೆ ಅದನ್ನು ಟ್ರೈಲರಿನ ಮೇಲೆ ಹೊತ್ತು ತರಬೇಕು, ಊರಿನ ಕಾಂಕ್ರೀಟು ದಾರಿ ಬಿರಿಯುತ್ತದೆ, ಜಲ್ಲಿ ಹರಡಲು ಅದು ಬಾರದು. ಬ್ಯಾಕ್‌ಹೋ ಎಂದೇ ಸೆವೆರೊ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದ. ಮುದುಕಿ ಬಂದು ಅದನ್ನೇ ತರಿಸೆಂದಳು. ಆ ಕ್ಷಣಕ್ಕೆ ಅವನ ನಿಶ್ಚಯ ತಿರುಗಿಬಿದ್ದಿತು.

“ಯಾಕೆ ಬೇಡ? ಅದನ್ನಾದ್ರೂ ಹೇಳಿ” ಎಂದ, ಹಲ್ಲು ಕಿರಿಯುತ್ತ.

ಉರ್ಸಿಂಗ್ ಇಳಿಜಾರಿನ ಕೆಳಮೂಲೆಯಲ್ಲಿ, ಶೌಚದ ಗುಂಡಿಗೆ ಅವನು ಗುರುತು ಹಾಕಿದ್ದ ಕಡೆಯಿದ್ದ ನೇರಳೆ ಮರದ ಮೋಟನ್ನು ನೋಡಿದಳು. “ಅಲ್ಲಿ ಕಾಂದೆಲಾರ್ಯಾ ಇದ್ದಾಳೆ. ಒಂದು ವರ್ಷ ಊರಲ್ಲಿ ಒಂಬತ್ತು ಮಕ್ಕಳು ವಾಂತಿಭೇದಿಯಿಂದ ಸತ್ವು. ಅವಳು ಹುಳ ಬಿಟ್ಟು ಮಾಟ ಮಾಡಿದ್ಲು ಅಂತ ಯಾರೋ ಅಂದ್ರು. ಹೊಡೀಲಿಲ್ಲ, ಬಡೀಲಿಲ್ಲ, ದೊಂಗ್. ಬೆನ್ನು ತಿರುಗಿಸಿದ್ವಿ. ಬಾವಿ ಹತ್ರ ಬಂದ್ರೆ ಬೆನ್ನು, ಪ್ರಾರ್ಥನೆಗೆ ಬಂದ್ರೆ ಬೆನ್ನು. ಆರು ವರ್ಷ ಒಬ್ಬರೂ ಅವಳ ಮುಖ ನೋಡ್ಲಿಲ್ಲ. ಸತ್ತಾಗ ಅಲ್ಲಿ ಹೂತು, ಅವಳು ಏಳಬಾರದು ಅಂತ ಊರೆಲ್ಲ ಕೈ ಕೈ ಹಿಡ್ಕೊಂಡು, ಗುಂಡಿಗೆ ಬೆನ್ನು ಮಾಡಿ, ಎಡಕ್ಕೆ ಏಳು ಸುತ್ತು ಸುತ್ತಿ ಕಟ್ಟು ಹಾಕಿದ್ವಿ. ನಂಗೆ ಆಗ ಹತ್ತು ವರ್ಷ. ನಾನೂ ಸುತ್ತಿದ್ದೆ.”

ನಿರಪರಾಧಿಯೊಬ್ಬಳನ್ನು ರಕ್ತ ಹರಿಸದೆ ಕೊಂದ ಊರು, ಕೈ ತೊಳೆಯುವ ಕಷ್ಟವೂ ಇಲ್ಲದೆ ಅರವತ್ತೇಳು ವರ್ಷ ಉಂಡು ಮಲಗಿತ್ತು.

“ಬ್ಯಾಕ್‌ಹೋ ಮೇಲೆ ಕೂತವನು ಸೀಟು ತಿರುಗಿಸಿ, ತೋಡೋ ಗುಂಡಿಗೆ ಮುಖ ಮಾಡಿಯೇ ಕೂರಬೇಕು. ಅದರ ತೋಳು ಅರ್ಧ ಸುತ್ತಿಗೆ ನಿಂತುಬಿಡುತ್ತೆ” ಎಂದಳು ಮುದುಕಿ. “ಇನ್ನೊಂದು ಹಾಗಲ್ಲ. ಒಂದೊಂದು ಬಕೆಟ್ ಸುರಿಯೋವಾಗ್ಲೂ ಅವಳಿಗೆ ಬೆನ್ನು ಹಾಕುತ್ತೆ. ಅದು ಬಲಕ್ಕೆ ಏಳು ಸುತ್ತು ಸುತ್ತಿದ್ರೆ ನಾವು ಹಾಕಿದ ಕಟ್ಟು ಬಿಚ್ಚುತ್ತೆ.”

ಸೆವೆರೊ ಅವಳ ಎದುರೇ ಜೇಬಿನಿಂದ ಫೋನು ತೆಗೆದು, ಪಟ್ಟಣಕ್ಕೆ ಕರೆ ಮಾಡಿ, ಎಕ್ಸ್‌ಕವೇಟರ್ ಕಳುಹಿಸಲು ಹೇಳಿದ.

ಮೂರನೆಯ ದಿನ ಮಧ್ಯಾಹ್ನ ಯಂತ್ರ ಬಂತು. ಟ್ರೈಲರಿನ ಭಾರಕ್ಕೆ ದಾರಿ ಎರಡು ಕಡೆ ಬಿರಿಯಿತು. ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಯಂತ್ರ ನಡೆಸುವ ಅರ್ನೆಲ್ ಕೆಳಗಿಳಿದು, ಮೋಟಿನ ಕಡೆ ತಲೆಬಾಗಿಸಿ ನೆಲದ ಅನುಮತಿ ಬೇಡಿದ. ಆಮೇಲೆ ಸೆವೆರೊನ ಕಡೆ ತಿರುಗಿ, ಹಿರಿಯನೆಂದು ‘ನೊಂಗ್’, ಅಣ್ಣಾ ಎಂದು ಕರೆದು ಕೇಳಿದ.

“ಕೋಳಿ ಎಲ್ಲಿ, ನೊಂಗ್? ಬಕೆಟ್ ಹಲ್ಲಿಗೆ ರಕ್ತ ಸವರದೆ ನಾನು ಮೊದಲ ಮಣ್ಣು ಎತ್ತಲ್ಲ.”

“ಇದೆಯಲ್ಲ, ಒಲೆ ಮೇಲೆ. ಶುಂಠಿ ಹಾಕಿ ಸಾರು ಮಾಡಿದೀನಿ. ರಕ್ತ ನಿನ್ನ ಹಲ್ಲಿಗೇ ಸವರ್ಕೋ.”

ಅರ್ನೆಲ್ ಸಾರು ಮುಟ್ಟಲಿಲ್ಲ. ಬಹಳ ಹೊತ್ತು ಗೊಣಗಿ, ದಿನದ ಕೂಲಿ ತಪ್ಪುವುದೆಂದು ಕೊನೆಗೆ ಇಂಜಿನ್ ಹಚ್ಚಿದ.

ಮಳೆ ಕಟ್ಟಿದ ಆಕಾಶ. ಮಟಮಟ ಮಧ್ಯಾಹ್ನವೇ ಬೆಳಕು ಬೂದಿಯ ಹಾಗಾಯಿತು. ಮೇಲಿನ ಕೆಂಪು ಮಣ್ಣು ಸುಲಭವಾಗಿ ಬಂತು. ಅದರಡಿಯ ಕಪ್ಪು ಮಣ್ಣು ಬಕೆಟ್ಟಿಗೆ ಅಂಟಿಕೊಂಡು ಒಲ್ಲದೆ ಬಂತು. ಕೊಳೆತ ನೇರಳೆ ಹಣ್ಣಿನ ಹುಳಿ ವಾಸನೆ, ಡೀಸೆಲ್ ಹೊಗೆ, ಅವುಗಳ ಕೆಳಗೆ ಸುಟ್ಟ ಕೂದಲಿನಂಥ ಇನ್ನೊಂದು ವಾಸನೆ. ಒಂದಾಳು ಆಳದಲ್ಲಿ ಬಕೆಟ್ಟು ಒಂದು ಬಾಚಣಿಗೆಯನ್ನು ಎತ್ತಿತು. ಆಮೆಚಿಪ್ಪಿನದು. ಹಲ್ಲುಗಳ ನಡುವೆ ಉದ್ದ ಕೂದಲು ಇನ್ನೂ ಸುತ್ತಿಕೊಂಡಿತ್ತು.

ಅರ್ನೆಲ್ ಇಂಜಿನ್ ಆರಿಸಿದ. ಇಂಜಿನ್ ಆರಿದರೂ ಗುಂಡಿಯೊಳಗೆ ಒಂದು ಝೇಂಕಾರ ಉಳಿಯಿತು, ಮುಚ್ಚಿದ ಡಬ್ಬಿಯಲ್ಲಿ ಜೀರುಂಡೆಗಳನ್ನು ಕೂಡಿಹಾಕಿದಂತೆ.

“ನಾನು ಹೊರಟೆ, ನೊಂಗ್. ಯಂತ್ರ ನಾಳೆ ಬೇರೆಯವರು ತಗೊಂಡು ಹೋಗ್ತಾರೆ.”

“ಹೇಡಿ! ಮೂರು ಮಕ್ಕಳ ಅಪ್ಪ ಆಗಿ ಬಾಚಣಿಗೆಗೆ ಹೆದರ್ತೀಯಾ?”

“ಮೂರು ಮಕ್ಕಳ ಅಪ್ಪ ಅಂತಲೇ ಹೆದರ್ತಿರೋದು” ಎಂದು, ಚಪ್ಪಲಿಯನ್ನೂ ಮರೆತು ಅರ್ನೆಲ್ ಇಳಿದು ಹೋದ.

ಬೇಲಿಯ ಬಳಿ ಉರ್ಸಿಂಗ್ ಬಂದು ನಿಂತಿದ್ದಳು. ಅವಳನ್ನು ಕಂಡು ಸೆವೆರೊನ ಸಿಟ್ಟು ನೆತ್ತಿಗೇರಿತು. ಬಾಚಣಿಗೆಯನ್ನು ಬಕೆಟ್ಟಿನಿಂದ ಕಿತ್ತು ಗುಂಡಿಗೆ ಎಸೆದು, ಕ್ಯಾಬಿನ್ ಹತ್ತಿ ಇಂಜಿನ್ ಹಚ್ಚಿದ. ಕ್ರೇನು ನಡೆಸಿದ ಕೈಗೆ ಇದು ಹೊಸತಲ್ಲ. “ಎಣಿಸ್ಕೊಳ್ಳಿ, ಲೋಲಾ!” ಎಂದು ಕೂಗಿದ. “ಬಲಕ್ಕೆ ಏಳು!”

ಒಂದು. ಸಮುದ್ರ, ಮನೆ, ಬೇಲಿ, ಮೋಟು, ಗುಂಡಿ. ಗುಂಡಿಯ ತಳದಲ್ಲಿ ಒಂದು ಮಣ್ಣಿನ ಗಡ್ಡೆ.

ಎರಡು. ಬೇಲಿಯ ಬಳಿ ಉರ್ಸಿಂಗ್ ಎದೆಯ ಮೇಲೆ ಶಿಲುಬೆ ಗುರುತು ಹಾಕುತ್ತಿದ್ದಳು. ಗುಂಡಿಯಲ್ಲಿ ಗಡ್ಡೆ ಮೇಲೆದ್ದಿತ್ತು. ಅದಕ್ಕೆ ಕೂದಲಿತ್ತು.

ಮೂರು. ಹೆಗಲು.

ಅವನು ಲಿವರ್ ಬಿಟ್ಟ. ಯಂತ್ರ ನಿಲ್ಲಲಿಲ್ಲ. ಹಿಂದಕ್ಕೆಳೆದ. ನಿಲ್ಲಲಿಲ್ಲ. ಕೀಲಿ ತಿರುಗಿಸಿದ. ಕೀಲಿ ಅವನ ಕೈಗೇ ಬಂತು.

ನಾಲ್ಕು. ಸಮುದ್ರ. ಮನೆ. ಬೇಲಿ. ಗುಂಡಿಯಲ್ಲಿ ಹಣೆ, ಹುಬ್ಬು. ಯಾರೂ ನೋಡದೆ ಸವೆದುಹೋದ ಮುಖ. ಮೂಗಿಲ್ಲ. ತುಟಿಯಿಲ್ಲ.

ಐದು. ಮೂಗು. ಝೇಂಕಾರ ಕಿವಿಯೊಳಗೆ ಬಂತು. ಬಾಗಿಲು ತಳ್ಳಿದ. ತೆರೆಯಲಿಲ್ಲ. ಒದ್ದ. ತೆರೆಯಲಿಲ್ಲ.

ಆರು. ತುಟಿ. ಅವಳು ಗುಂಡಿಯ ಅಂಚಿನಲ್ಲಿದ್ದಳು. ಬೇಲಿಯ ಬಳಿ ಮುದುಕಿ ಏನೋ ಕಿರುಚುತ್ತಿದ್ದಳು. ಕೇಳಲಿಲ್ಲ. ಕಣ್ಣು ಮುಚ್ಚಿದ. ರೆಪ್ಪೆಯೊಳಗೂ ಯಂತ್ರ ತಿರುಗುತ್ತಿತ್ತು.

ಏಳು. ಕಣ್ಣು ಬಿಟ್ಟ. ಅವಳೂ ಬಿಟ್ಟಳು.

ಯಂತ್ರ ತಾನಾಗಿ ನಿಂತಿತು. ನಿಶ್ಶಬ್ದ. ಗುಂಡಿ ಬರಿದಾಗಿತ್ತು.

ಸೆವೆರೊ ಕೆಳಗಿಳಿದ. ನಾಲಗೆಗೆ ಇನ್ನೂ ಬುದ್ಧಿ ಬಂದಿರಲಿಲ್ಲ. ಬೇಲಿಯ ಬಳಿ ಉರ್ಸಿಂಗ್ ಅವನಿಗೆ ಬೆನ್ನು ಮಾಡಿ ನಿಂತಿದ್ದಳು; ಬಿಳಿ ತುರುಬು ಕಾಣುತ್ತಿತ್ತು.

“ಈಗ ನನಗೂ ಬೆನ್ನು ಹಾಕಿದ್ರಾ, ಲೋಲಾ?”

“ನಾನು ನಿನ್ನನ್ನೇ ನೋಡ್ತಿದ್ದೀನಿ, ದೊಂಗ್” ಎಂದಳು ಮುದುಕಿ.

ದನಿ ತುರುಬಿನ ಆ ಬದಿಯಿಂದ ಬಂತು. ಅವನು ಬೇಲಿ ದಾಟಿ ಅವಳ ಮುಂದಕ್ಕೆ ಹೋದ. ತುರುಬು. ಎಡಕ್ಕೆ ಹೋದ. ತುರುಬು. ಓಡಿ ಬಲಕ್ಕೆ ಬಂದ. ಮುದುಕಿ ನಿಂತಲ್ಲಿಂದ ಕದಲಿರಲಿಲ್ಲ. ಆದರೂ ಎಲ್ಲ ದಿಕ್ಕಿಗೂ ಅವಳ ಬೆನ್ನೇ ಇತ್ತು.

“ನನ್ನ ಕಣ್ಣು ನೋಡು, ದೊಂಗ್. ಕಾಣ್ತಿದ್ಯಾ?” ಅವಳ ದನಿ ಒಡೆಯಿತು. “ದೇವರೇ. ಕಾಣ್ತಿಲ್ಲ ಅಲ್ವಾ?”

ಮರುದಿನ ಚಪ್ಪಲಿಗೆ ಬಂದ ಅರ್ನೆಲ್ಲನ ಬೆನ್ನು ಅವನೊಡನೆ ಮಾತಾಡಿತು. ಒಣಮೀನು ಕೊಂಡ ಅಂಗಡಿಯಲ್ಲಿ ಒಂದು ಬೆನ್ನು ಚಿಲ್ಲರೆ ಕೊಟ್ಟು, “ಯಾಕೆ ನೊಂಗ್, ಹಾಗೆ ನೋಡ್ತೀರಿ?” ಎಂದಿತು. ಚರ್ಚಿನಲ್ಲಿ ಪಾದ್ರಿಯ ಬೆನ್ನು ಆಶೀರ್ವದಿಸಿತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತ. ಕನ್ನಡಿಯಲ್ಲಿ ನರೆತ ಕೂದಲಿನ ಹಿಂದಲೆಯೊಂದು ಕಂಡಿತು. ಅದು ತನ್ನದೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಉರ್ಸಿಂಗಳ ಬಾಗಿಲಲ್ಲಿ ಮಂಡಿಯೂರಿದ. “ಮತ್ತೆ ಕಟ್ಟು ಹಾಕಿ, ಲೋಲಾ. ನನ್ನ ಮಗಳು ಬರ್ತಾಳೆ.”

ಆ ಬೆನ್ನು ಬಾಗಿಲ ಚೌಕಟ್ಟಿಗೆ ಒರಗಿತು.

“ಕಟ್ಟು ಹಾಕ್ಬೇಕಂದ್ರೆ ಊರೆಲ್ಲ ಮತ್ತೆ ಅವಳಿಗೆ ಬೆನ್ನು ಹಾಕ್ಬೇಕು. ಹೇಳಿದ್ರೆ ಹಾಕ್ತಾರೆ, ಅದೇನು ಕಷ್ಟದ ಕೆಲಸ ಅಲ್ಲ. ಆದ್ರೆ ನಾನು ಹೇಳಲ್ಲ. ಒಂದು ಸಲ ಮಾಡಿದ ಪಾಪಕ್ಕೇ ನಿದ್ದೆ ಬಂದಿಲ್ಲ, ದೊಂಗ್. ನಿನ್ನ ಮಗಳ ಮುಖಕ್ಕೋಸ್ಕರ ಅವಳ ಮುಖಾನ ಎರಡನೇ ಸಲ ಹೂಳಲ್ಲ.”

ಅವಳು ಹೇಳಿದ್ದು ಸರಿಯಾಗಿತ್ತು. ಸರಿಯಾದ ಮಾತು ಎಲ್ಲರನ್ನೂ ಉಳಿಸುವುದಿಲ್ಲ.

ಸತ್ತವರ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವನು ಬಂದರು ಕಟ್ಟೆಯ ಮೇಲೆ ನಿಂತಿದ್ದ. ದೋಣಿಯಿಂದ ಜನ ಹೂವಿನ ಕಟ್ಟು, ಮೇಣದ ಬತ್ತಿ ಹಿಡಿದು ಇಳಿಯುತ್ತಿದ್ದರು. ಎಲ್ಲರೂ ಹಿಂದುಹಿಂದಾಗಿ ನಡೆದು ಬರುವಂತೆ ಅವನಿಗೆ ಕಾಣುತ್ತಿತ್ತು. ಅವರ ನಡುವೆ ನೀಲಿ ಅಂಗಿಯ ಒಂದು ಬೆನ್ನು, ಒಂದು ಜಡೆ, ಅವನ ಹತ್ತಿರ ಬಂದು ನಿಂತಿತು.

“ಪಾಪಾ. ಬಂದೆ.”

ದನಿ ಅವಳ ತಾಯಿಯದೇ. ಅವನು ಅಳುತ್ತ ಎರಡು ಕೈ ಚಾಚಿ ಅವಳ ಕೆನ್ನೆ ಹುಡುಕಿದ. ಬೆರಳಿಗೆ ಕೂದಲು ಸಿಕ್ಕಿತು. ಅವಳ ಎಡಕ್ಕೆ ಬಂದ. ಜಡೆ. ಹಿಂದಕ್ಕೆ ಹೋದ. ಜಡೆ.

“ಏನು ಮಾಡ್ತಿದ್ದೀರ? ಜನ ನೋಡ್ತಿದ್ದಾರೆ.”

“ಒಂದು ನಿಮಿಷ, ದಾಯ್. ಒಂದೇ ನಿಮಿಷ ನಿಂತ್ಕೋ, ಮಗಳೇ.” ಅವನು ಸುತ್ತುತ್ತಲೇ ಇದ್ದ.

“ನನ್ನ ಮುಖ ನೋಡಿ ಮಾತಾಡಿ, ಪಾಪಾ.”

“ನೋಡ್ತಿದ್ದೀನಿ, ದಾಯ್!”

“ಇಲ್ಲ. ನನ್ನನ್ನ ದಾಟಿ ಇನ್ನೇನನ್ನೋ ನೋಡ್ತಿದ್ದೀರ. ಮೊದಲಿಂದಲೂ ಹಾಗೇ.” ಅವಳ ದನಿ ಸಣ್ಣದಾಯಿತು. “ಎದುರುಬದುರು ಅಂದಿದ್ದೆ. ಅಷ್ಟೂ ಆಗಲ್ಲ ನಿಮಗೆ.”

ಗುಂಡಿ, ಯಂತ್ರ, ಏಳು ಸುತ್ತು ಎಂದು ಅವನು ತೊದಲಿದ. ಯಾವ ಮಗಳು ಅದನ್ನು ನಂಬಿಯಾಳು? ಅವನೇ ನಂಬುತ್ತಿರಲಿಲ್ಲ, ನಕ್ಕುಬಿಡುತ್ತಿದ್ದ. ಅವಳು ನಗಲಿಲ್ಲ. ಚೀಲ ಎತ್ತಿಕೊಂಡು ಬಂದ ದೋಣಿಗೇ ನಡೆದಳು.

“ಅನಲಿನ್! ತಿರುಗಿ ನೋಡು, ದಾಯ್!”

ಅವಳು ಹಲಗೆ ಹತ್ತಿದಳು. ಮೇಲೆ ಒಂದು ಗಳಿಗೆ ನಿಂತಳು. ಆಗ ಅವಳು ತಿರುಗಿ ನೋಡಿದಳೋ ಇಲ್ಲವೋ ಸೆವೆರೊಗೆ ಎಂದಿಗೂ ತಿಳಿಯುವುದಿಲ್ಲ. ಅವನಿಗೆ ಕಂಡದ್ದು ನೀಲಿ ಅಂಗಿ, ಜಡೆ, ಆಮೇಲೆ ನೀರು.

ಸಂಜೆಗೆ ಇಳಿಜಾರು ಏರಿ ಬಂದ. ಯಂತ್ರವನ್ನು ಯಾರೋ ಕೊಂಡೊಯ್ದಿದ್ದರು. ಗುಂಡಿ ಬಾಯಿ ತೆರೆದೇ ಇತ್ತು. ಸುಟ್ಟ ಕೂದಲಿನ ವಾಸನೆ. ನೇರಳೆಯ ಮೋಟಿನ ಮೇಲೆ ಅವಳು ಕುಳಿತಿದ್ದಳು, ಆಮೆಚಿಪ್ಪಿನ ಬಾಚಣಿಗೆ ಮಡಿಲಲ್ಲಿಟ್ಟುಕೊಂಡು. ಹಣೆ, ಹುಬ್ಬು, ಮೂಗು, ತುಟಿ. ಇಡೀ ಲೋಕದಲ್ಲಿ ಅವನ ಕಡೆ ತಿರುಗಿದ್ದ ಒಂದೇ ಮುಖ.

ಅವನು ಓಡಲಿಲ್ಲ. ಮನೆಯೊಳಗಿಂದ ಮಗಳಿಗೆಂದು ತಂದಿಟ್ಟಿದ್ದ ಹೊಸ ಕುರ್ಚಿಯನ್ನು ಎತ್ತಿ ತಂದು, ಅವಳ ಎದುರಿಗೆ ಹಾಕಿ ಕುಳಿತ.

“ಕಾಂದೆಲಾರ್ಯಾ” ಎಂದ.

ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಒಬ್ಬರು ಮುಖ ನೋಡಿ ಅವಳ ಹೆಸರು ಹಿಡಿದು ಕರೆದಿದ್ದರು. ಅವಳು ಕದಲಲಿಲ್ಲ. ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅವನಿಗೂ.