ಬೇಡವೆಂದ ಮೂವತ್ತು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮದ ಕಥೆ ಹೇಳುವಷ್ಟು ಓದು ನನಗಿಲ್ಲ. ಕೆಲಸ ಮುಗಿಸಿ ಸಂಜೆ ತರಗತಿಗೆ ಹೋಗಿ ಒಂದಿಷ್ಟು ಲೆಕ್ಕಶಾಸ್ತ್ರ ಕಲಿತವಳು ನಾನು. ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೇ ನನಗಿನ್ನೂ ಅನುಮಾನ. ಆದರೆ ನಿಕ್ಲಾ ನಮ್ಮ ಓಣಿಯ ಹುಡುಗಿ. ಅವಳಿಗೆ ಕೊಬ್ಬು ಅಂದವರಿದ್ದಾರೆ, ಹುಚ್ಚು ಅಂದವರಿದ್ದಾರೆ. ಹಾಗಲ್ಲ ಎಂದು ಯಾರಾದರೂ ಹೇಳಬೇಕಲ್ಲ... ಅವಳು ಹೇಳಿಕೊಂಡಿದ್ದನ್ನು ಹಾಗೇ ಬರೆದಿದ್ದೇನೆ. ಹೇಳದೆ ಉಳಿಸಿದ್ದನ್ನು ಊಹಿಸಿದ್ದೇನೆ. ತಪ್ಪಿದ್ದರೆ ಅದು ನನ್ನದು.

*

"ಇಪ್ಪತ್ನಾಲ್ಕು. ಒಪ್ತೀರಾ?"

ಪ್ರೊಫೆಸರ್ ಲೊರುಸ್ಸೊ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮಟ್ಟಿಗೆ ನಿಕ್ಲಾಳ ಪರೀಕ್ಷೆ ಮುಗಿದಿತ್ತು.

ಮೂವತ್ತಕ್ಕೆ ಇಪ್ಪತ್ನಾಲ್ಕು. ವಾಣಿಜ್ಯದ ಸ್ನಾತಕೋತ್ತರ ಪದವಿಯಲ್ಲಿ ಅವಳಿಗೆ ಉಳಿದಿದ್ದ ಕೊನೆಯ ಮೌಖಿಕ ಪರೀಕ್ಷೆ ಇದು. ಇದಾದರೆ ಜುಲೈಯಲ್ಲಿ ಪದವಿ. ಪದವಿಯಾದರೆ ಬಂದರಿನ ಪಕ್ಕದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜಾಗ.

ಒಪ್ಪಿಕೊಳ್ಳೋಣ... ಎಂದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಲೊರುಸ್ಸೊ ನಕ್ಕರು.

"ಯಾಕಮ್ಮ ಯೋಚನೆ? ನಿಮ್ಮ ಪಾಸ್ತಾ ಮಾರೋ ಓಣಿಗೆ ಇಪ್ಪತ್ನಾಲ್ಕು ದೊಡ್ಡದೇ. ತಗೊಂಡು ಮನೆಗೆ ಹೋಗಿ."

ನಿಕ್ಲಾಳ ಕಿವಿ ಬಿಸಿಯಾಯಿತು.

ನಮ್ಮ ಓಣಿಗೆ...!

"ಒಪ್ಪಲ್ಲ," ಎಂದಳು.

ಹಿಂದಿನ ಬೆಂಚುಗಳಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದವರೆಲ್ಲ ತಲೆ ಎತ್ತಿದರು. ಕೊಟ್ಟ ಅಂಕ ಬೇಡ ಎನ್ನುವ ಹಕ್ಕು ನಮ್ಮ ಇಟಲಿಯ ವಿದ್ಯಾರ್ಥಿಗಿದೆ, ನಿಜ. ಬೇಡ ಅಂದರೆ ಮತ್ತೆ ಮೊದಲಿಂದ ಓದಿ ಮತ್ತೆ ಬಂದು ಕೂರಬೇಕು. ಆದರೆ ಲೊರುಸ್ಸೊ ಮುಂದೆ ಯಾರೂ ಹಾಗೆ ಹೇಳುತ್ತಿರಲಿಲ್ಲ.

"ಇದೇ ಕೊನೆಯ ಮಾತಾ?"

"ಇದೇ."

ಆಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು! ತಿರುಗಿ ನೋಡಿದಳು. ಬಿಳಿ ಅಂಗಿಯ ತೋಳು ಮಡಚಿಕೊಂಡು, ಕಾಲು ಚಾಚಿ ಕೂತಿದ್ದ ಒಬ್ಬ ಹುಡುಗ. ಕಣ್ಣಲ್ಲಿ ನಗು.

ಚೀಲ ಹೆಗಲಿಗೇರಿಸಿಕೊಂಡು ನೇರ ಅವನೆದುರು ನಿಂತಳು.

"ನಾಟಕ ನೋಡೋಕೆ ಬಂದಿದ್ದೀಯಾ?"

"ಅಲ್ಲ, ಅವರು ಏನೇನು ಪ್ರಶ್ನೆ ಕೇಳ್ತಾರೆ ಅಂತ ಕೇಳಿಸಿಕೊಳ್ಳೋಕೆ ಬಂದೆ. ನಾಟಕ ಪುಕ್ಕಟೆ ಸಿಕ್ತು."

"ಇನ್ನೊಂದು ಸಲ ಚಪ್ಪಾಳೆ ತಟ್ಟಿದ್ರೆ ಕೈ ಮುರೀತೀನಿ."

"ಎಡಗೈ ಮುರಿ. ಬಲಗೈ ಊಟಕ್ಕೆ ಬೇಕು," ಎಂದ ಅವನು. "ನನ್ನ ಹೆಸರು ಸವೇರಿಯೊ."

ಅವಳು ಹೆಸರು ಹೇಳದೆ ಹೊರಟುಹೋದಳು. ಮೆಟ್ಟಿಲ ತನಕ ಬಂದ ಮೇಲೆ ಮಾತ್ರ ನಿಂತಳು.

ಏನು ಮಾಡಿಬಿಟ್ಟೆ...

*

ನಿಕ್ಲಾಳ ಅಮ್ಮ ರೊಸಾರಿಯಾ ನಮ್ಮ ಓಣಿಯಲ್ಲಿ ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಒರೆಕ್ಕಿಯೆತ್ತೆ ಮಾಡಿ ಮಾರುತ್ತಾಳೆ. ಹಿಟ್ಟಿನ ತುಣುಕನ್ನು ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯಂಥ ಪಾಸ್ತಾ. ಮಾತಾಡುತ್ತಲೇ ಮಾಡುತ್ತಾಳೆ, ಬೈಯುತ್ತಲೇ ಮಾಡುತ್ತಾಳೆ.

"ಬೇಡ ಅಂದ್ಯಾ? ಕೆಂಪು ಬಾದಾಮಿಗೆ ಹೇಳಿಬಿಟ್ಟಿದ್ದೀನಲ್ಲೇ!"

ಪದವಿಯ ದಿನ ಹಂಚುವ ಸಕ್ಕರೆ ಲೇಪಿಸಿದ ಕೆಂಪು ಬಾದಾಮಿ. ಅದನ್ನು ಮುಂಚೆಯೇ ತರಿಸಿದರೆ ಪದವಿ ಕೈತಪ್ಪುತ್ತದೆ ಎಂದು ನಾವೆಲ್ಲ ಹೇಳಿದ್ದೆವು. ರೊಸಾರಿಯಾ ಕೇಳಿರಲಿಲ್ಲ.

"ಜುಲೈಯಲ್ಲಿ ಇನ್ನೊಂದು ಅವಕಾಶ ಇದೆ, ಅಮ್ಮ."

"ಆಗಲೂ ಇಷ್ಟೇ ಕೊಟ್ರೆ?"

ಅಷ್ಟರಲ್ಲಿ ಮೇಜಿನ ಮುಂದೆ ಒಂದು ನೆರಳು ಬಿತ್ತು.

"ಒಂದು ಕಿಲೊ ಕೊಡಿ ಅಮ್ಮಾ," ಎಂದ ಸವೇರಿಯೊ. ಯಾರನ್ನೋ ಕೇಳಿ ಓಣಿ ಪತ್ತೆಮಾಡಿಕೊಂಡು ಬಂದಿದ್ದ. ಆಮೇಲೆ ನಿಕ್ಲಾಳ ಕಡೆ ತಿರುಗಿದ. "ನಾನೂ ಜುಲೈಯಲ್ಲಿ ಅದೇ ಪರೀಕ್ಷೆ ಬರೀಬೇಕು... ಅಂದ್ರೆ ಬಾಯಲ್ಲಿ ಹೇಳಬೇಕು. ಜೊತೆಗೆ ಓದೋಣ್ವಾ? ಕೈ ಮುರಿಯೋದು ಪರೀಕ್ಷೆ ಮುಗಿದ ಮೇಲೆ ಇಟ್ಕೋ."

ರೊಸಾರಿಯಾ ಅವನ ಷೂ ನೋಡಿದಳು, ಮುಖ ನೋಡಿದಳು. "ಊಟ ಆಯ್ತೇನಪ್ಪಾ?" ಎಂದಳು.

ಅಲ್ಲಿಗೆ ಮುಗಿಯಿತು!

*

ಸಮುದ್ರದ ಕಟ್ಟೆಯ ಮೇಲೆ ಕೂತು ಓದಿದರು. ಮಧ್ಯೆ ಟೊಮ್ಯಾಟೊ ಹಾಕಿದ ಫೊಕಾಚಾ ರೊಟ್ಟಿ, ಎಣ್ಣೆ ತಾಗಿದ ಪುಟಗಳು. ಸವೇರಿಯೊನ ಅಪ್ಪ ಹಡಗಿನ ಏಜೆಂಟ್. ಊರಲ್ಲಿ ಅವರಿಗೆ ಗೊತ್ತಿಲ್ಲದವರಿಲ್ಲ. ಪ್ರೊಫೆಸರ್ ಲೊರುಸ್ಸೊ ಆ ಅಪ್ಪನ ಹಳೆಯ ಗೆಳೆಯ. ಸವೇರಿಯೊ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದ. ಇದನ್ನು ಅವನೇನೂ ಮುಚ್ಚಿಡಲಿಲ್ಲ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

"ಗುಡ್‌ವಿಲ್‌ ಹೇಳು," ಎಂದ ಒಂದು ದಿನ.

"ಅಂಗಡಿಯ ಒಳ್ಳೆ ಹೆಸರಿಗಿರೋ ಬೆಲೆ. ತಾನೇ ಗಳಿಸಿದ ಹೆಸರನ್ನ ಲೆಕ್ಕದಲ್ಲಿ ಆಸ್ತಿ ಅಂತ ತೋರಿಸೋ ಹಾಗಿಲ್ಲ. ಇನ್ನೊಬ್ಬರಿಂದ ಕೊಂಡಿದ್ರೆ ಮಾತ್ರ ತೋರಿಸಬಹುದು." ನಿಕ್ಲಾ ಪುಸ್ತಕ ಮುಚ್ಚಿದಳು. "ಇದೇ ಪ್ರಶ್ನೆಯಲ್ಲಿ ಜೂನ್‌ನಲ್ಲಿ ತಡವರಿಸಿದ್ದು. ಅನ್ಯಾಯ ಅಲ್ವಾ ಇದು?"

"ಏನು ಅನ್ಯಾಯ?"

"ನಮ್ಮಮ್ಮ ಇಡೀ ಆಯಸ್ಸು ಕೂತು ಗಳಿಸಿದ ಹೆಸರು ಸೊನ್ನೆ. ನಾಳೆ ನಿಮ್ಮಪ್ಪ ಬಂದು ಅವಳ ಮೇಜು ಕೊಂಡ್ರೆ ಆ ಹೆಸರಿಗೇ ಬೆಲೆ ಬರುತ್ತೆ!"

"ನಿಯಮ ನಾನು ಮಾಡಿದ್ದಲ್ಲಪ್ಪಾ."

"ನಿಮ್ಮಂಥೋರೇ ಮಾಡಿದ್ದು."

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು. ಗಾಳಿಗೆ ಹಾರಿದ ಅವಳ ಕೂದಲು ಅವನ ಭುಜಕ್ಕೆ ತಾಗಿತು. ಇಬ್ಬರೂ ಸರಿದು ಕೂರಲಿಲ್ಲ.

ಇವನು ಎದುರಿಗಿದ್ದರೆ ಓದಿದ್ದು ಮರೆಯುವುದಿಲ್ಲ, ಇನ್ನೆಲ್ಲ ಮರೆಯುತ್ತದೆ... ಯಾಕೆ?

*

ಜುಲೈ ಬಂತು. ಈ ಸಲ ನಿಕ್ಲಾ ತಡವರಿಸಲಿಲ್ಲ. ಲೊರುಸ್ಸೊ ಕೇಳಿದ್ದಕ್ಕೆಲ್ಲ ಹೇಳಿದಳು, ಕೇಳದ್ದನ್ನೂ ಹೇಳಿದಳು. ತನ್ನ ದನಿ ಆ ದೊಡ್ಡ ಕೋಣೆಯ ಗೋಡೆಗೆ ತಾಗಿ ಮರಳುವುದು ಅವಳಿಗೇ ಕೇಳಿಸುತ್ತಿತ್ತು.

"ಭೇಷ್," ಎಂದರು ಲೊರುಸ್ಸೊ. "ಮೂವತ್ತು."

ಮೂವತ್ತು!! ಅಮ್ಮಾ... ಬಾದಾಮಿ ತೆಗಿ!

"ಸವೇರಿಯೊ ನಿಮ್ಮ ಬಗ್ಗೆ ತುಂಬ ಒಳ್ಳೆ ಮಾತು ಹೇಳಿದ್ದ, ಭಾನುವಾರ ಅವರ ಮನೆಗೆ ಊಟಕ್ಕೆ ಹೋದಾಗ," ಎಂದು ಸೇರಿಸಿದರು. ಕೆಟ್ಟದಾಗಿ ಅಲ್ಲ. ಪ್ರೀತಿಯಿಂದಲೇ.

ನಿಕ್ಲಾಳ ನಗು ಅಲ್ಲೇ ನಿಂತುಹೋಯಿತು.

"ಏನು ಹೇಳಿದ?"

"ಹುಡುಗಿಗೆ ಈ ಪರೀಕ್ಷೆ ತುಂಬ ಮುಖ್ಯ, ಸ್ವಲ್ಪ ನೋಡಿಕೊಳ್ಳಿ ಅಂತ. ಗೆಳೆಯರು ಅಂದ್ರೆ ಹಾಗಿರಬೇಕು. ಒಪ್ತೀರಿ ತಾನೇ?"

ಅವಳು ಹಿಂದೆ ನೋಡಿದಳು. ಬೆಂಚಿನ ಮೇಲೆ ಸವೇರಿಯೊ. ಅವನ ಮುಖದಲ್ಲಿ ಸಂತೋಷ ತುಂಬಿತ್ತು. ಏನೋ ದೊಡ್ಡ ಉಡುಗೊರೆ ಕೊಟ್ಟವನಂತೆ ಅವಳನ್ನೇ ನೋಡುತ್ತಿದ್ದ!

ನಿಕ್ಲಾ ಎದ್ದು ನಿಂತಳು.

"ಒಪ್ಪಲ್ಲ."

"ಏನನ್ನ?"

"ಮೂವತ್ತನ್ನ."

"ಮೂವತ್ತನ್ನ ಯಾರೂ ಬೇಡ ಅನ್ನಲ್ಲಮ್ಮ!" ಲೊರುಸ್ಸೊ ನಿಜವಾಗಿಯೂ ಗಾಬರಿಯಾಗಿದ್ದರು.

"ನಾನು ಅಂತೀನಿ."

ಸವೇರಿಯೊ ಓಡಿಬಂದು ಮೊಗಸಾಲೆಯಲ್ಲಿ ಅವಳ ದಾರಿಗೆ ಅಡ್ಡ ನಿಂತ.

"ತಲೆ ಕೆಟ್ಟಿದೆಯಾ ನಿನಗೆ? ಜುಲೈ ಪದವಿ ಹೋಯ್ತು! ಆ ಕಚೇರಿ ಹೋಯ್ತು!"

"ನನ್ನ ಹೆಸರನ್ನ ಅವರ ಕಿವಿಗೆ ಯಾಕೆ ಹಾಕಿದೆ?"

"ಒಂದು ಮಾತು ಹೇಳಿದೆ ಅಷ್ಟೇ! ಅಜ್ಜಿಗೆ ಆಪರೇಶನ್ ಆಗಬೇಕಾದ್ರೆ ಅಪ್ಪ ಒಂದು ಮಾತು ಹೇಳ್ತಾರೆ. ಅತ್ತೆ ಮಗನಿಗೆ ಕೆಲಸ ಬೇಕಾದ್ರೆ ಒಂದು ಮಾತು ಹೇಳ್ತಾರೆ. ನಮ್ಮ ಮನೇಲಿ ಯಾರನ್ನಾದ್ರೂ ಪ್ರೀತಿಸಿದ್ರೆ ಹಾಗೇ ನಿಕ್ಲಾ, ಅವರಿಗೋಸ್ಕರ ಯಾರ ಹತ್ರ ಆದ್ರೂ..."

ತಾನು ಏನು ಹೇಳಿಬಿಟ್ಟೆ ಎಂದು ಅವನಿಗೆ ಆಗ ಹೊಳೆಯಿತು. ಅವಳಿಗೂ.

"ಹಾಗಾದ್ರೆ ನನ್ನ ಪ್ರೀತಿಸಬೇಡ!" ನಿಕ್ಲಾಳ ಕಣ್ಣು ತುಂಬಿತ್ತು, ದನಿ ಮಾತ್ರ ಬಾಗಲಿಲ್ಲ. "ನಾನು ಚೆನ್ನಾಗಿ ಹೇಳಿದೆ ಅಂತ ನನಗೆ ಗೊತ್ತಿತ್ತು ಸವೇರಿಯೊ. ಇವತ್ತು ಒಂದು ದಿನ... ಗೊತ್ತಿತ್ತು. ನೀನು ಅದನ್ನ ಕಿತ್ಕೊಂಡೆ. ಇನ್ನು ಆ ಮೂವತ್ತು ನನ್ನದಾ ನಿನ್ನದಾ ಅಂತ ಸಾಯೋ ತನಕ ಗೊತ್ತಾಗಲ್ಲ. ಓಣಿ ಕಡೆ ಬರಬೇಡ."

ಒಳಗಿನಿಂದ ಯಾರೋ ಸವೇರಿಯೊನ ಹೆಸರು ಕೂಗಿದರು. ಅವನ ಸರದಿ ಬಂದಿತ್ತು.

ಅವಳು ತಿರುಗಿ ನೋಡಲಿಲ್ಲ.

*

"ಮೂವತ್ತನ್ನ ಬೇಡ ಅಂದ್ಯಾ!" ರೊಸಾರಿಯಾಳ ಚಾಕು ಮೇಜಿಗೆ ಬಿದ್ದ ಸದ್ದು ನಮ್ಮ ಮನೆಗೂ ಕೇಳಿಸಿತು. "ನಿನ್ನಂಥೋಳನ್ನ ಹೆತ್ತು..."

ನಿಕ್ಲಾ ಎಲ್ಲ ಹೇಳಿದಳು. ಮೂವತ್ತರ ಬಗ್ಗೆ, ಆ ಒಂದು ಮಾತಿನ ಬಗ್ಗೆ. ಪ್ರೀತಿಯ ಬಗ್ಗೆ ಮಾತ್ರ ಹೇಳಲಿಲ್ಲ. ಆದರೆ ಅಳು ಅದಕ್ಕೇ ಬಂತು.

ರೊಸಾರಿಯಾ ಬಹಳ ಹೊತ್ತು ಹಿಟ್ಟು ನಾದಿದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

"ಇರಲಿ ಬಿಡು," ಎಂದಳು ಕೊನೆಗೆ. "ಬಾದಾಮಿ ಕೆಡಲ್ಲ. ಓದು ಹೋಗು."

ಓಣಿ ಸುಮ್ಮನಿರಲಿಲ್ಲ. ಮೀನು ಕೊಳ್ಳಲು ಹೋದರೆ "ಏನಮ್ಮ ಡಾಕ್ಟರಮ್ಮ, ಈ ಮೀನಾದ್ರೂ ಒಪ್ತೀಯಾ?" ಎಂದು ಕೆಣಕಿದರು. ಪದವಿಯಾದವರನ್ನು ಡಾಕ್ಟರ್ ಎಂದು ಕರೆಯುವುದು ನಮ್ಮ ರೂಢಿ. ನಿಕ್ಲಾ ಕಿವಿರು ಎತ್ತಿ ನೋಡಿ, "ಇದನ್ನೂ ಬೇಡ ಅಂತೀನಿ. ಇದು ನಿನ್ನೆ ಹಿಡಿದ ಮೀನು," ಎಂದು ಮುಂದೆ ನಡೆದಳು!

ಮಧ್ಯೆ ಒಂದು ದಿನ ತಾನೇ ವಿಭಾಗಕ್ಕೆ ಹೋಗಿ, ಸೆಪ್ಟೆಂಬರಿನಲ್ಲಿ ತನ್ನನ್ನು ಬೇರೆ ಪರೀಕ್ಷಕರು ಕೇಳಲಿ ಎಂದಳು. ಲೊರುಸ್ಸೊ ಹುಬ್ಬೇರಿಸಿದರು.

"ಪ್ರೊಫೆಸರ್ ಕಪುಟಿ ಇದ್ದಾರೆ. ನನ್ನಷ್ಟು ಮೆದು ಅಲ್ಲ. ನೋಡಿ ಯೋಚನೆ ಮಾಡಿ."

"ಯೋಚನೆ ಮಾಡೇ ಬಂದೆ."

ಕಟ್ಟೆಯ ಮೇಲೆ ಒಬ್ಬಳೇ ಕೂತು ಓದಿದಳು. ಫೊಕಾಚಾ ಯಾಕೋ ರುಚಿಸಲಿಲ್ಲ. ಬರಬೇಡ ಅಂದಿದ್ದಳು, ಅವನು ಬರಲಿಲ್ಲ. ಅದಕ್ಕೂ ಸಿಟ್ಟು ಬರುತ್ತಿತ್ತು...

*

ಸೆಪ್ಟೆಂಬರಿನ ಆ ಬೆಳಿಗ್ಗೆ ಕಪುಟಿಯವರ ಕೋಣೆಯ ಬಾಗಿಲಲ್ಲಿ, ನೆಲದ ಮೇಲೆ ಪುಸ್ತಕ ಹರಡಿಕೊಂಡು ಸವೇರಿಯೊ ಕೂತಿದ್ದ. ಗಡ್ಡ ಬಂದಿತ್ತು.

"ನೀನ್ಯಾಕೆ ಇಲ್ಲಿ?" ನಿಕ್ಲಾ ಅಲ್ಲೇ ನಿಂತುಬಿಟ್ಟಳು.

"ಪರೀಕ್ಷೆ."

"ಜುಲೈಯಲ್ಲೇ ಮುಗೀತಲ್ಲ ನಿನ್ನದು?"

"ಅವತ್ತು ನೀನು ಹೋದ ಮೇಲೆ ಒಳಗೆ ಹೋದೆ. ಮನಸ್ಸು ಎಲ್ಲೋ ಇತ್ತು. ಗುಡ್‌ವಿಲ್ಲೂ ತಪ್ಪು ಹೇಳಿದೆ. ಅಂಕಲ್ ಮೂವತ್ತು ಕೊಟ್ರು, ಪಟ್ಟೀಲಿ ವಿಶೇಷ ಪ್ರಶಂಸೆ ಅಂತಾನೂ ಬರೆದ್ರು." ಅವನು ತಲೆ ತಗ್ಗಿಸಿದ. "ಎಷ್ಟು ಸಲ ಹೀಗಾಗಿದೆಯೋ ಅಂತ ಅಲ್ಲಿ ಕೂತಾಗ ಮೊದಲ ಸಲ ಅನ್ನಿಸ್ತು. ಬೇಡ ಅಂದೆ."

"ಮನೇಲಿ?"

"ಅಪ್ಪ ಮಾತು ಬಿಟ್ಟಿದ್ದಾರೆ. ಅಂಕಲ್ ಭಾನುವಾರ ಬರೋದು ನಿಲ್ಲಿಸಿದ್ದಾರೆ. ಅವರ ಪಾಲಿನ ಮಾಂಸದುಂಡೆನೂ ಅಮ್ಮ ನನಗೇ ಬಡಿಸ್ತಾಳೆ. ನೋಡು, ದಪ್ಪ ಆಗಿದ್ದೀನಿ."

ನಗು ಬಂತು. ತಡೆದುಕೊಂಡಳು.

"ನನ್ನ ಮೆಚ್ಚಿಸೋಕೆ ಮಾಡಿದ್ದಾ?"

"ಮೊದಲು ಹಾಗೇ ಅಂದ್ಕೊಂಡೆ," ಎಂದ ಅವನು ನಿಧಾನವಾಗಿ. "ಆಮೇಲೆ ಓದೋಕೆ ಕೂತೆ. ಒಬ್ಬನೇ. ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಈ ವಯಸ್ಸಿನ ತನಕ ನನಗೇ ಗೊತ್ತಿರಲಿಲ್ಲ ನಿಕ್ಲಾ. ಹೆದರಿಕೆ ಆಯ್ತು."

ಅಷ್ಟರಲ್ಲಿ ಬಾಗಿಲು ತೆರೆಯಿತು.

ಕಪುಟಿ ನಗಲಿಲ್ಲ, ಹೊಗಳಲಿಲ್ಲ, ಯಾವ ಓಣಿ ಎಂದು ಕೇಳಲಿಲ್ಲ. ನಿಕ್ಲಾಳನ್ನು ಅರೆದುಹಾಕಿದರು. ಒಂದು ಕಡೆ ಅವಳು ತಪ್ಪಿದಳು. ಎರಡು ಕಡೆ ವಾದಿಸಿ ಗೆದ್ದಳು.

"ಇಪ್ಪತ್ತೇಳು. ಒಪ್ತೀರಾ?"

ನಿಕ್ಲಾ ಕಣ್ಣು ಮುಚ್ಚಿದಳು. ಈ ಇಪ್ಪತ್ತೇಳರಲ್ಲಿ ಬೇರೆ ಯಾರೂ ಇಲ್ಲ... ನಾನೊಬ್ಬಳೇ.

"ಒಪ್ತೀನಿ!"

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಹೋಗಬಹುದಿತ್ತು, ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಸವೇರಿಯೊ ಬಾಗಿಲು ತಳ್ಳಿಕೊಂಡು ಬಂದವನೇ ಇಡೀ ಮೊಗಸಾಲೆಗೆ ಕೇಳುವಂತೆ ಕೂಗಿದ.

"ಇಪ್ಪತ್ತೆರಡು!"

ಯಾರೋ ಅಯ್ಯೋ ಪಾಪ ಎಂದರು.

"ಪಾಪ ಅಲ್ಲ! ಇಪ್ಪತ್ತೆರಡು! ನಂದೇ!"

ನಿಕ್ಲಾ ಈಗ ನಗು ತಡೆಯಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಅವನು ಮೆಟ್ಟಿಲಿಳಿದು ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತ.

"ಒಂದು ಮಾತು ಹೇಳಲಾ?"

"ಯಾರ ಹತ್ರ?" ಅವಳ ದನಿ ಚೂಪಾಯಿತು.

"ನಿನ್ನ ಹತ್ರಾನೇ. ಬೇರೆ ಯಾರ ಕಿವಿಗೂ ಹಾಕಲ್ಲ."

"ಹೇಳು."

"ನಿನ್ನ ಪ್ರೀತಿಸ್ತೀನಿ. ನೀನು ಬೇಡ ಅಂದ ಮೇಲೂ. ಒಪ್ತೀಯಾ?"

ಕೆಳಗೆ ಬೀದಿಯಲ್ಲಿ ಯಾವುದೋ ಸ್ಕೂಟರ್ ಹೋಯಿತು, ಅದರ ಸದ್ದು ಮೂಲೆ ತಿರುಗಿ ಮರೆಯಾಯಿತು.

"ಬೇಡ ಅನ್ನೋ ಹಕ್ಕು ಇದೆಯಾ?"

"ಇದೆ. ಯಾವಾಗಲೂ."

ಅವಳು ಕೈ ಚಾಚಿ ಅವನ ಎಡಗೈ ಹಿಡಿದುಕೊಂಡಳು.

"ಹಾಗಾದ್ರೆ ಒಪ್ತೀನಿ."

*

ಡಿಸೆಂಬರಿನಲ್ಲಿ ನಿಕ್ಲಾಳಿಗೆ ಪದವಿಯಾಯಿತು. ತಲೆಗೆ ಪದವೀಧರರು ತೊಡುವ ಲಾರೆಲ್ ಎಲೆಯ ಕಿರೀಟ, ಬಗಲಲ್ಲಿ ಸವೇರಿಯೊ. ರೊಸಾರಿಯಾ ಓಣಿಗೆಲ್ಲ ಹಂಚಿದ ಕೆಂಪು ಬಾದಾಮಿ ಸ್ವಲ್ಪ ಗಟ್ಟಿಯಾಗಿತ್ತು, ಯಾರೂ ಹೇಳಲಿಲ್ಲ. ಬಂದರಿನ ಪಕ್ಕದ ಕಚೇರಿಯ ಜಾಗ ಆಗಲೇ ಬೇರೆಯವರ ಪಾಲಾಗಿತ್ತು. ನಿಕ್ಲಾ ಇನ್ನೂ ಕೆಲಸ ಹುಡುಕುತ್ತಿದ್ದಾಳೆ, ಯಾರಿಂದಲೂ ಒಂದು ಮಾತು ಹೇಳಿಸದೆ.

ಜುಲೈಯ ಆ ಮೂವತ್ತು ಅವಳು ಹೇಳಿದ ಉತ್ತರಕ್ಕೆ ಸಿಕ್ಕಿದ್ದೋ, ಭಾನುವಾರದ ಊಟಕ್ಕೋ? ಒಮ್ಮೆ ಲೊರುಸ್ಸೊ ನಮ್ಮ ಓಣಿಗೆ ಒರೆಕ್ಕಿಯೆತ್ತೆ ಕೊಳ್ಳಲು ಬಂದಿದ್ದರು. ಪಕ್ಕದಲ್ಲೇ ನಿಂತಿದ್ದೆ. ಕೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಅದು ನಿಕ್ಲಾಳದ್ದೇ ಆಗಿತ್ತು ಎಂದು ಬರೆಯಲು ನನಗೆ ತುಂಬ ಆಸೆ. ಆದರೆ ನನಗೆ ಗೊತ್ತಿಲ್ಲ.