ಹರಾಜಿಗೆ ಹೋದ ಹೊದಿಕೆ

“ಆ ಹೊದಿಕೆ ನನಗೆ!”

ಚರ್ಚಿನ ಅಂಗಳದಲ್ಲಿ ಬಡಗಿ ಕೈ ಎತ್ತಿ ಕೂಗಿದಾಗ ಅವಳ ಎದೆ ಡವಡವ ಎಂದಿತು. ಊರಿಗೆ ಬಂದು ಹೊಲಿಗೆ ಅಂಗಡಿ ಹಾಕಿ ಇನ್ನೂ ವರ್ಷ ತುಂಬದ ಟೈಲರ್ ಅವಳು. ಅವನ ತಾಯಿಯ ಬಟ್ಟೆ ಹೊಲಿದುಕೊಡುತ್ತಲೇ ಅವನ ಮೇಲೆ ಮನಸ್ಸಿಟ್ಟಿದ್ದಳು.

ಚರ್ಚಿನ ಗೋಪುರದ ಹೊಸ ಗಂಟೆಗೆ ಹಣ ಕೂಡಿಸಲು ಪೂಜೆ ಮುಗಿದ ಮೇಲೆ ಹರಾಜು ನಡೆಯುತ್ತಿತ್ತು. ಚೂರುಬಟ್ಟೆ ಜೋಡಿಸಿ ಹೊಲಿದ ಹೊದಿಕೆಯನ್ನು ಹರಾಜಿಗೆ ಕೊಡುವ ಮುನ್ನ ಅವಳು ಅವನಿಗೆ ಮೆಲ್ಲಗೆ ಹೇಳಿದ್ದಳು...

“ಇದು ನಿಮ್ಮ ಮನೆಗೇ ಬರಲಿ ಅಂತ ಹೊಲಿದಿದ್ದೀನಿ.”

ಹುಡುಗಿಯೊಬ್ಬಳು ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳಬೇಕು, ನೀವೇ ಹೇಳಿ.

ಹರಾಜು ಬಡಗಿಯ ಹೆಸರಿಗೇ ನಿಂತಿತು. ಅವನು ಹೊದಿಕೆಯನ್ನು ಒಮ್ಮೆ ಸವರಿದ. ಮರುಕ್ಷಣವೇ ಫಾದರ್ ಕೈಗೆ ಕೊಟ್ಟ. “ಮತ್ತೆ ಕೂಗಿ ಫಾದರ್.”

ಜನ ಚಪ್ಪಾಳೆ ತಟ್ಟಿದರು. ಅವಳಿಗೆ ನಿಂತ ನೆಲವೇ ಕುಸಿದಂತಾಯಿತು. ಎಲ್ಲರೆದುರು ವಾಪಸ್ ಕೊಟ್ಟನಲ್ಲ...

ತಿರುಗಿ ನೋಡದೆ ಹೊರಟಳು. ಮರುದಿನವೇ ಅಂಗಡಿಗೆ ಬೀಗ ಜಡಿದು ದೂರದ ಅಕ್ಕನ ಮನೆ ಸೇರಿದಳು. ಬಂದ ಸಂಬಂಧಗಳನ್ನೆಲ್ಲ ತಳ್ಳಿಹಾಕಿದಳು. ಊರಲ್ಲಿ ಒಬ್ಬರ ಬಳಿ ಬಾಯಿಬಿಟ್ಟಿದ್ದರೂ ಸಾಕಿತ್ತು. ಹಾಳು ಸ್ವಾಭಿಮಾನ, ಬಿಡಲಿಲ್ಲ.

ವರ್ಷಗಳು ಉರುಳಿದವು. ಕೊನೆಗೂ ಬಂದ ಗಂಟೆಯ ಆಶೀರ್ವಾದಕ್ಕೆ ಬಾ ಎಂದು ಫಾದರ್ ಫೋನ್ ಮಾಡಿದಾಗ ಇಲ್ಲವೆನ್ನಲಾಗಲಿಲ್ಲ. ಗೋಪುರದ ಚಾವಣಿಗೆ ಹಣ ಸಾಲದೆ ಅಂದೂ ಹರಾಜಿತ್ತು. ಬೇಕರಿಯವನು ಕುಂಬಳಕಾಯಿಯೊಂದನ್ನು ಕೊಂಡು, “ಮತ್ತೆ ಕೂಗಿ” ಎಂದು ವಾಪಸ್ ಕೊಟ್ಟ. ಆಮೇಲೆ ಇನ್ನೂ ಹೆಚ್ಚಿಗೆ ಕೂಗಿ ತಾನೇ ಕೊಂಡು, ಕೂಸಿನ ಹಾಗೆ ಎತ್ತಿಕೊಂಡು ಹೋದ.

“ಅದ್ಯಾಕಜ್ಜಿ ಹಾಗೆ?” ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದಳು.

“ನಮ್ಮಲ್ಲಿ ಹಾಗೇ ಕಣೇ. ತುಂಬಾ ಇಷ್ಟ ಆದದ್ದನ್ನ ಒಂದ್ಸಲ ತಿರುಗಿ ಕೊಟ್ಟು, ಮತ್ತೆ ಹೆಚ್ಚು ಕೊಟ್ಟು ತಗೋತಾರೆ. ದೇವರ ಕೆಲಸಕ್ಕೆ ಎರಡು ಸಲ ಕೊಟ್ಟ ಹಾಗಾಗುತ್ತೆ.”

ಅವಳು ಬಡಗಿಯನ್ನು ಹುಡುಕುತ್ತಾ ಹೊರಟಳು. ಅವನು ಗೋಪುರದ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ.

“ಆ ಹೊದಿಕೆ...”

“ಎರಡನೇ ಸಲವೂ ನಾನೇ ತಗೊಂಡೆ. ತಿರುಗಿ ನೋಡಿದ್ರೆ ನೀವಿಲ್ಲ. ನೀವು ಹೇಳಿದ ಮಾತು ನಿಮಗೇ ಬೇಡ ಅನ್ನಿಸಿರಬೇಕು ಅಂದ್ಕೊಂಡು ಹಿಂದೆ ಬರಲಿಲ್ಲ. ನಾನೂ ದಡ್ಡನೇ.”

“ಅಮ್ಮ ಹೇಗಿದ್ದಾರೆ?”

ಅವನು ತಲೆ ತಗ್ಗಿಸಿದ. “ಹೋದ ವರ್ಷ ತೀರಿಕೊಂಡ್ರು. ಕೊನೆವರೆಗೂ ಅದನ್ನೇ ಹೊದ್ದಿದ್ರು. ನೋಡೋಕೆ ಬಂದವರಿಗೆಲ್ಲ, ನನ್ನ ಸೊಸೆ ಹೊಲಿದದ್ದು ಅಂತ ತೋರಿಸ್ತಿದ್ರು.”

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಂದು ಒಂದು ಮಾತು ಕೇಳಿದ್ದರೆ... ಸೊಸೆ ಎಂದು ಆ ತಾಯಿ ಕರೆಯುವುದನ್ನು ಅವಳೂ ಕೇಳಬಹುದಿತ್ತು.

ಮೇಲೆ ಗಂಟೆ ಮೊದಲ ಬಾರಿಗೆ ಮೊಳಗಿತು.

“ಹೊದಿಕೆಯ ಒಂದು ಅಂಚು ಬಿಟ್ಟುಹೋಗಿದೆ. ಬೇರೆ ಟೈಲರ್‌ಗೆ ಕೊಡೋಕೆ ಮನಸ್ಸು ಬರಲಿಲ್ಲ,” ಎಂದ.

“ತಂದುಕೊಡಿ, ಹೊಲಿದುಕೊಡ್ತೀನಿ.”

“ಇಲ್ಲಪ್ಪ. ಒಂದ್ಸಲ ಕೈಬಿಟ್ಟಿದ್ದಕ್ಕೇ ಇಷ್ಟೆಲ್ಲ ಆಯ್ತು. ಈ ಸಲ ನೀವೇ ಮನೆಗೆ ಬನ್ನಿ.”

ಅವಳು ಕಣ್ಣೊರೆಸಿಕೊಂಡಳು. “ಮೆಷೀನ್ ಅಕ್ಕನ ಮನೇಲಿದೆ.”

“ನಾಳೆ ಇಬ್ಬರೂ ಹೋಗಿ ತರೋಣ.”